ಮುದ್ದಯ್ಯನ ಛತ್ರಕ್ಕೆ ಅಗುಳಿ ಇಲ್ಲ

ಧ್ವನಿ ಸಂದೇಶ
ಮುತ್ತತ್ತಿ, ೯ ಜೂನ್ ೨೦೨೫, ಬೆಳಿಗ್ಗೆ

ಅಕ್ಕಾ, ನಾನು ಜಯಪ್ರಕಾಶ. ನಂಬರ್ ಹೊಸದು, ಅದಕ್ಕೇ ಹೆಸರು ಹೇಳ್ತಿದ್ದೀನಿ. ಇಷ್ಟು ವರ್ಷ ಆದ್ಮೇಲೆ ದನಿ ಗುರುತು ಸಿಗುತ್ತೋ ಇಲ್ವೋ. ನಂಗೆ ಬರೆಯೋಕೆ ಕೈ ಓಡಲ್ಲ ಅಂತ ನಿಂಗೆ ಗೊತ್ತು. ಸ್ಕೂಲಲ್ಲಿ ನನ್ನ ಪ್ರಬಂಧ ಎಲ್ಲಾ ನೀನೇ ಬರೆದು ಕೊಟ್ಟಿದ್ದು. ಅದಕ್ಕೇ ಮಾತಾಡಿ ಕಳಿಸ್ತಿದ್ದೀನಿ. ಉದ್ದ ಆದ್ರೆ ಸೊಪ್ಪು ಬಿಡಿಸ್ತಾ ಕೇಳು.

ವಿಷಯ ಏನು ಅಂದ್ರೆ, ದೇವಸ್ಥಾನದ ಕಡೆಯವರು ಊರಿನ ಬಗ್ಗೆ ಒಂದು ಸಣ್ಣ ಪುಸ್ತಕ ಮಾಡ್ತಾರಂತೆ. ನಮ್ಮ ಛತ್ರದ ಚರಿತ್ರೆ ಒಂದು ಪುಟ ಕೊಡಿ ಯಜಮಾನ್ರೇ ಅಂದ್ರು. ನಾನು ಹೇಳ್ತೀನಿ, ನೀನು ತಿದ್ದಿ ಬರೆದುಕೊಡು. ಮೇಷ್ಟ್ರು ಕೆಲಸ ಬಿಟ್ಟು ವರ್ಷ ಆಯ್ತಂತಲ್ಲ, ಕೆಂಪು ಪೆನ್ನು ಇನ್ನೂ ಇಟ್ಟಿರ್ತೀಯ.

ಬರ್ಕೋ. ಛತ್ರ ಕಟ್ಟಿಸಿದ್ದು ನಮ್ಮ ಮುತ್ತಾತ ಮುದ್ದಯ್ಯ. ನೂರು ವರ್ಷದ ಮೇಲಾಯ್ತು. ಆಗ ಹಲಗೂರಿಂದ ಇಲ್ಲಿಗೆ ರಸ್ತೆ ಇರಲಿಲ್ಲ, ಕಾಡಲ್ಲಿ ಗಾಡಿ ಜಾಡು. ಹರಕೆ ಅಂತ ಬಂದ ಜನ ಕುರಿ ಕಡಿದು, ಹೊಳೆ ದಂಡೇಲಿ ಬೇಯಿಸಿ, ಕತ್ತಲಾದ್ರೆ ಮರದ ಕೆಳಗೇ ಮಲಗೋರು. ಮುತ್ತತ್ತಿರಾಯ ಮುದ್ದಯ್ಯನ ಕನಸಿಗೆ ಬಂದು, ನನ್ನ ನೋಡೋಕೆ ಬಂದವರು ಹೊರಗೆ ಮಲಗ್ತಾರೆ, ನೀನು ಬಾಗಿಲು ಹಾಕ್ಕೊಂಡು ಒಳಗೆ ಮಲಗ್ತೀಯಾ ಅಂತ ಕೇಳ್ದ. ಮುತ್ತಾತ ಬೆಳಿಗ್ಗೆ ಎದ್ದು ಬಾಗಿಲಿನ ಅಗುಳಿ ಕಿತ್ತು ಹೊಳೆಗೆ ಎಸೆದ. ಇನ್ಮೇಲೆ ಈ ಬಾಗಿಲು ಹಾಕಲ್ಲ, ನಮ್ಮ ವಂಶದ ಒಬ್ಬ ಗಂಡಸು ಹೊಸ್ತಿಲಿಗೆ ಅಡ್ಡಡ್ಡ ಮಲಗಿ ಬಂದವರನ್ನ ಒಳಕ್ಕೆ ಕರೀಬೇಕು, ಒಂದು ರಾತ್ರೀನೂ ತಪ್ಪಬಾರದು ಅಂತ ಆಣೆ ಇಟ್ಟ. ಅವನಾದ ಮೇಲೆ ತಾತ, ತಾತ ಆದ್ಮೇಲೆ ಅಪ್ಪ, ಅಪ್ಪ ಆದ್ಮೇಲೆ ನಾನು. ಹೊಸ್ತಿಲ ಹಿಂದಿನ ಹಲಗೆ ಗೊತ್ತಲ್ಲ, ಸೊಂಟದ ಹತ್ರ ಸವೆದು ತೊಟ್ಟಿ ಥರ ಆಗಿದೆ. ನೀರು ಹಾಕಿದ್ರೆ ನಿಲ್ಲುತ್ತೆ.

ಇದಿಷ್ಟು ಸರಿ ಇದೆಯಾ ನೋಡು. ಕುಸುಮ ಮಂಡ್ಯದಲ್ಲಿದ್ದಾಳೆ, ಮಗಳು ಚಂದನಾ ಮನೇಲಿ. ಚಂದನಾ ಬಸುರಿ, ಆರನೇ ತಿಂಗಳು. ಬೇರೇನಿಲ್ಲ.

ನಿನ್ನ ತಮ್ಮ,
ಜಯ

*

ಬೆಸಗರಹಳ್ಳಿ
೨೧ ಜೂನ್ ೨೦೨೫

ಜಯಪ್ರಕಾಶ,

ದನಿಯ ಗುರುತು ಸಿಕ್ಕಿತು. ಅಪ್ಪನ ದನಿಯೇ ಬಂದಿದೆ ನಿನಗೆ. ಮಾತು ಮಾತ್ರ ಅಪ್ಪನ ಹತ್ತು ಪಟ್ಟು. ಒಬ್ಬಳೇ ಕುಳಿತು ಫೋನಿನೊಳಕ್ಕೆ ಮಾತಾಡುವುದು ನನಗೆ ಬರುವುದಿಲ್ಲ. ಬರೆದು, ಫೋಟೋ ತೆಗೆದು ಕಳಿಸುತ್ತಿದ್ದೇನೆ.

ಚರಿತ್ರೆ ಓದಲು ಚೆನ್ನಾಗಿದೆ. ಕನಸು, ಆಣೆ, ಹೊಳೆ ಎಲ್ಲ ಇವೆ. ತಿದ್ದುವುದು ಏನೂ ಇಲ್ಲ, ಬೇಕಾದರೆ ಹಾಗೇ ಕೊಡು.

ಆದರೆ ಇಷ್ಟು ವರ್ಷ ಒಂದು ಫೋನೂ ಮಾಡದವನು ದೇವಸ್ಥಾನದ ಪುಸ್ತಕಕ್ಕಾಗಿ ಅಕ್ಕನನ್ನು ನೆನೆಸಿಕೊಂಡ ಎಂದರೆ ನಾನು ನಂಬುವುದಿಲ್ಲ. ಹದಿನಾಲ್ಕು ನಿಮಿಷ ಮಾತಾಡಿದ್ದೀಯ. ಕುಸುಮಳ ಹೆಸರು ಕೊನೆಯಲ್ಲಿ ಒಂದೇ ಸಲ ಬಂತು, ಅದೂ ಓಡುತ್ತ ಬಂತು. ಆರು ತಿಂಗಳ ಬಸುರಿ ಚೊಚ್ಚಲಿಗೆ ತವರಿಗೆ ಬರುವುದು ಬಿಟ್ಟು, ತಾಯಿಯೇ ಅವಳ ಮನೆಗೆ ಹೋಗಿದ್ದು ಏಕೆ?

ವನಜಾ

*

ಧ್ವನಿ ಸಂದೇಶ
ಮುತ್ತತ್ತಿ, ೨೪ ಜೂನ್, ಮಧ್ಯಾಹ್ನ

ಹಿಡಿದುಬಿಟ್ಟೆ. ಆಯ್ತು, ಹೇಳ್ತೀನಿ ಕೇಳು.

ಚಂದನಾನ ಇಲ್ಲಿಗೇ ಕರ್ಕೊಂಡು ಬರೋಣ ಅಂತ ನಾನು ಅಂದೆ. ಕುಸುಮ ಅಂದ್ಲು, "ಯಾವ ಮನೆಗ್ ಕರ್ಕ ಬರನ? ಬಾಣಂತಿ ಮಲಗಿದ್ರೆ ಕನಕಪುರದೋರು ಬಂದು ಸೌಟು ಕೊಡಿ ಅಂತಾರೆ, ಚನ್ನಪಟ್ಣದೋರು ಬಂದು ಹಂಡೆ ಎಲ್ಲಿ ಅಂತಾರೆ. ಬೀದಿಲಿ ಬಾಣಂತನ ಮಾಡಿ ಅಂತೀರಾ?" ಅಲ್ಲಿಗೆ ಬಿಟ್ಟಿದ್ರೆ ಆಗ್ತಿತ್ತು. ಬಟ್ಟೆ ಕಟ್ಕೊಂಡು ಬಸ್ಸು ಹತ್ತೋವಾಗ ಇನ್ನೊಂದು ಅಂದ್ಲು. "ಹೆರಿಗೆ ಹೊತ್ಗೆ ನೀವೂ ಬಂದು ಅಲ್ಲೇ ಉಳೀಬೇಕು. ಬೆಳಿಗ್ಗೆ ಬಂದು ಸಾಯಂಕಾಲ ಓಗೋ ನೆಂಟ ನಂಗ್ ಬ್ಯಾಡ. ಬರ್ನಿಲ್ಲ ಅಂದ್ರೆ ನಾನು ವಾಪಸ್ ಬರಾಕಿಲ್ಲ. ಆ ಬಾಗ್ಲ ಜೊತೆನೇ ಸಂಸಾರ ಮಾಡ್ಕಳಿ."

ಅವಳು ಬರೀ ಬಾಯಿ ಮಾತು ಆಡೋಳಲ್ಲ ಅಕ್ಕಾ. ಆಗಲೇ ಅವಳ ಸೀರೆ ಪೆಟ್ಟಿಗೆ ತರಿಸ್ಕೊಂಡಿದ್ದಾಳೆ. ಅಳಿಯ ಪುನೀತ್ ಗೆಜ್ಜಲಗೆರೆ ಫ್ಯಾಕ್ಟ್ರೀಲಿ ಪಾಳಿ ಮುಗಿಸಿ ಬೈಕಲ್ಲಿ ಬಂದು ಪಾಪ ಹೊತ್ಕೊಂಡು ಹೋದ. ನನ್ನ ಮುಖ ನೋಡೋಕೆ ಆಗದೆ ಹೊಳೆ ನೋಡ್ಕೊಂಡು ಮಾತಾಡಿದ. "ಮಾವ, ನೀರು ಜಾಸ್ತಿ ಆಗಿದೆ ಅಲ್ವಾ?" ಅಂದ. ಮೊಣಕಾಲುದ್ದ ನೀರಿತ್ತು ಅಷ್ಟೇ.

ಇಪ್ಪತ್ತೆಂಟು ವರ್ಷ ಅಕ್ಕಾ. ತೊಂಬತ್ತೇಳರಿಂದ ಬೇರೆ ಸೂರಿನ ಕೆಳಗೆ ಒಂದು ರಾತ್ರಿ ಮಲಗಿಲ್ಲ. ಚಂದನಾ ಮದುವೆ ಮದ್ದೂರಲ್ಲಿ. ಆರತಕ್ಷತೆ ಊಟಕ್ಕೆ ಎಲೆ ಹಾಕೋ ಹೊತ್ತಿಗೆ ಹೊರಟೆ. ಹಲಗೂರು ದಾಟಿದ ಮೇಲೆ ಫಾರೆಸ್ಟ್ ಗೇಟು ಹಾಕಿಬಿಟ್ಟಿದ್ರು. ಗಾರ್ಡು ಕೈ ಮುಗಿದ, "ಅಣ್ಣಾ, ಆನೆ ಅವೆ ಕಣಣ್ಣ, ಇವತ್ ಒಂದಿನ ಮಗಳ್ ಮದ್ವೇಲಿ ಇರಕಾಗಕಿಲ್ವಾ ನಿಂಗೆ" ಅಂತ. ಬಿಡಿಸ್ಕೊಂಡು ಬಂದೆ. ಬೆಳಿಗ್ಗೆ ಎದ್ದು ಧಾರೆಗೆ ವಾಪಸ್ ಹೋದೆ. ಫೋಟೋದಲ್ಲಿ ನಿದ್ದೆ ಹೊಡೀತಿದ್ದೀನಿ. ಕಾಲು ಮುರಿದಾಗ ಮಳವಳ್ಳಿ ಡಾಕ್ಟ್ರು ಮೂರು ದಿನ ಇರಿ ಅಂದ್ರು. ಕಾಲಿಗೆ ಪ್ಲಾಸ್ಟರ್ ಹಿಟ್ಟು ಕಟ್ಟಿಸ್ಕೊಂಡು ಗೂಡ್ಸ್ ಆಟೋದಲ್ಲಿ ಮಲಗಿ ಬಂದೆ. ಹಲಗೆ ಮೇಲೆ ಕಾಲು ನೀಡಿ ಮಲಗಿದ್ದವನನ್ನ ದಾಟಿ ದಾಟಿ ಜನ ಒಳಗೆ ಹೋದ್ರು. ಯಾರೋ ಒಬ್ಬರು ಹಿಟ್ಟಿನ ಮೇಲೇ ಕಾಲಿಟ್ರು.

ಬಂದವರು ಏನಂತಾರೆ ಗೊತ್ತಾ? "ಯಜಮಾನ್ರೇ, ನಿಮ್ದು ಪುಣ್ಯ ಬುಡಿ. ಒಳೆ ಗಾಳಿ, ದೇವ್ರು ಪಕ್ಕದಲ್ಲಿ. ರಾಜನಂಗಿದ್ದೀರ." ಹೌದು ಸ್ವಾಮಿ ಅಂತೀನಿ. ಅವರು ಊಟ ಮಾಡಿ ಪಾತ್ರೆ ತೊಳೆದಿಟ್ಟು ಸಂಜೆ ಬಸ್ಸಿಗೆ ಹೋಗ್ತಾರೆ. ಬಸ್ಸು ತಿರುವು ದಾಟೋ ತನಕ ನೋಡ್ತೀನಿ.

ಇದೇ ನೋಡು ಸಮಾಚಾರ. ಸೆಪ್ಟೆಂಬರ್ ಎರಡನೇ ವಾರ ಹೆರಿಗೆ ಅಂತ ಹೇಳಿದ್ದಾರೆ. ಇಡ್ತೀನಿ.

ಜಯ

*

ಧ್ವನಿ ಸಂದೇಶ
ಮುತ್ತತ್ತಿ, ೨೭ ಜುಲೈ, ಸಾಯಂಕಾಲ

ಅಕ್ಕಾ, ತಿಂಗಳಾಯ್ತು, ನಿನ್ನಿಂದ ಒಂದು ಅಕ್ಷರ ಇಲ್ಲ. ನೀಲಿ ಗೆರೆ ಬಿದ್ದಿದೆ, ಅಂದ್ರೆ ಕೇಳಿದ್ದೀಯ.

ಇಲ್ಲಿ ಹೊಳೆ ತುಂಬಿದೆ. ಕನ್ನಂಬಾಡಿ ಕಟ್ಟೆಯಿಂದ ನೀರು ಬಿಟ್ಟು ಸ್ನಾನದ ಮೆಟ್ಟಿಲೆಲ್ಲ ಮುಳುಗಿದೆ. ಪೋಲೀಸರು ಹಗ್ಗ ಕಟ್ಟಿ ಯಾರನ್ನೂ ಬಿಡ್ತಿಲ್ಲ. ಐದು ದಿನ ಆಯ್ತು, ಛತ್ರಕ್ಕೆ ಒಂದು ನರಪಿಳ್ಳೆ ಬಂದಿಲ್ಲ. ಆದ್ರೂ ಬಾಗಿಲಲ್ಲೇ ಮಲಗ್ತೀನಿ. ಯಾರಿಗೆ ಅಂತ ಮಲಗ್ತೀನೋ ಗೊತ್ತಿಲ್ಲ. ನಾಯಿ ಒಂದು ಬಂದು ಪಕ್ಕದಲ್ಲಿ ಮಲಗುತ್ತೆ. ಅದು ಬೇಕಾದಾಗ ಎದ್ದು ಹೋಗುತ್ತೆ.

ನಿನ್ನೆ ಒಂದು ಯೋಚನೆ ಬಂತು. ಈ ಮನೇಲಿ ಯಾರು ಬೇಕಾದ್ರೂ ಬರಬಹುದು, ಯಾರು ಬೇಕಾದ್ರೂ ಹೋಗಬಹುದು, ಯಾವ ಜಾತಿ, ಯಾವ ಊರು ಅಂತ ಕೇಳಂಗಿಲ್ಲ. ಒಬ್ಬನಿಗೆ ಮಾತ್ರ ಆಗಲ್ಲ. ಜೈಲಲ್ಲಾದ್ರೂ ಬೀಗ ಇರುತ್ತೆ, ತೆಗೀರಿ ಅಂತ ಕೂಗಬಹುದು. ಇಲ್ಲಿ ಏನಂತ ಕೂಗ್ಲಿ, ಬಾಗಿಲು ತೆಗೆದೇ ಇದೆ.

ಸುತ್ತಿ ಬಳಸಿ ಸಾಕು. ಅಕ್ಕಾ, ಸೆಪ್ಟೆಂಬರಲ್ಲಿ ಒಂದು ವಾರ ನೀನು ಬಂದು ಬಾಗಿಲು ನೋಡ್ಕೊತೀಯಾ? ಗಂಡಸು ಅಂತ ಆಣೆ ಇದೆ, ಗೊತ್ತು. ರಾಯನಿಗೆ ನಾನು ತಪ್ಪು ಕಾಣಿಕೆ ಹಾಕ್ತೀನಿ. ನಮ್ಮ ರಕ್ತದಲ್ಲಿ ನೀನು ಬಿಟ್ರೆ ಇನ್ಯಾರೂ ಇಲ್ಲ. ಪುಸ್ತಕ ಗಿಸ್ತಕ ಎಲ್ಲಾ ನೆಪ. ಇದನ್ನ ಕೇಳೋಕೇ ನಿಂಗೆ ಮೊದಲು ಮಾತಾಡಿ ಕಳಿಸಿದ್ದು.

ಜಯ

*

ಬೆಸಗರಹಳ್ಳಿ
೩ ಆಗಸ್ಟ್ ೨೦೨೫

ಜಯಪ್ರಕಾಶ,

ಬರುವುದಿಲ್ಲ.

ಕಾರಣ ನಿನಗೆ ಗೊತ್ತಿದೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ನಿನ್ನ ದನಿ ಕೇಳಿದರೆ ಗೊತ್ತಿಲ್ಲದವನ ಹಾಗಿದೆ. ಆದ್ದರಿಂದ ಬರೆಯುತ್ತೇನೆ.

ಅಪ್ಪ ತೀರಿಕೊಂಡ ಹನ್ನೊಂದನೇ ದಿನ. ಜಗಲಿಯ ಮೇಲೆ ಊರವರೆಲ್ಲ ಕುಳಿತಿದ್ದರು. ನನಗೆ ಇಪ್ಪತ್ತೆಂಟು, ಗಂಡ ಹೋಗಿ ವರ್ಷವಾಗಿತ್ತು. ನಿನಗೆ ಬಸ್ ಡ್ರೈವರ್ ಕೆಲಸದ ಆರ್ಡರ್ ಬಂದಿತ್ತು, ಅದನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೆ. ನಾನು ಎಲ್ಲರೆದುರು ಹೇಳಿದೆ: ತಮ್ಮ ಕೆಲಸಕ್ಕೆ ಹೋಗಲಿ, ಛತ್ರ ನಾನು ನೋಡಿಕೊಳ್ಳುತ್ತೇನೆ, ಬಾಗಿಲಲ್ಲಿ ನಾನು ಮಲಗುತ್ತೇನೆ ಎಂದು. ಅದನ್ನು ಹೇಳಲು ಹತ್ತು ದಿನ ಧೈರ್ಯ ಕೂಡಿಸಿದ್ದೆ. ಯಾರೋ ನಕ್ಕರು. ಇನ್ಯಾರೋ, "ಮುಂಡೆ ಎಂಗ್ಸು ಬಾಗ್ಲಲ್ಲಿ ಮಲಿಕ್ಕಂಡ್ರೆ ಬಂದೋರು ಏನಂದ್ಕಂಡಾರು" ಎಂದರು. ನಾನು ನಿನ್ನ ಕಡೆ ನೋಡಿದೆ. ನೀನು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಿದೆ. "ಅಕ್ಕ ಬ್ಯಾಡ, ನಾನೇ ಇರ್ತೀನಿ" ಎಂದೆ. ಎಲ್ಲರೂ ನಿನ್ನ ಬೆನ್ನು ತಟ್ಟಿದರು.

ಆ ಮನೆಯಲ್ಲಿ ನಾನು ಕೇಳಿದ್ದು ಅದೊಂದೇ. ಮರುವಾರ ವರ್ಗ ಮಾಡಿಸಿಕೊಂಡು ಬೆಸಗರಹಳ್ಳಿಗೆ ಬಂದೆ. ಇಲ್ಲಿ ನನ್ನದೊಂದು ಬಾಗಿಲಿದೆ. ಎಂಟು ಗಂಟೆಗೆ ಒಳಗಿನಿಂದ ಹಾಕಿಕೊಳ್ಳುತ್ತೇನೆ.

ಇಪ್ಪತ್ತೆಂಟು ವರ್ಷದ ಮೇಲೆ, ಒಂದು ವಾರದ ಮಟ್ಟಿಗೆ, ಬೇರೆ ಯಾರೂ ಇಲ್ಲವೆಂದು ಕರೆಯುತ್ತೀಯ.

ವನಜಾ

*

ಧ್ವನಿ ಸಂದೇಶ
ಮುತ್ತತ್ತಿ, ೪ ಆಗಸ್ಟ್, ಬೆಳಿಗ್ಗೆ

ಅಕ್ಕಾ... ಒಂದು ನಿಮಿಷ ತಡಿ. ಒಲೆ ಮೇಲಿಂದ ಪಾತ್ರೆ ಇಳಿಸಿ ಬತ್ತೀನಿ.

ಹಾಂ. ನಿನ್ನ ಕಾಗದ ಮೂರು ಸಲ ಓದಿದೆ.

ಅಲ್ಲಾ ಕಣಕ್ಕಾ. ನಾನು ಆವತ್ತು ನಿನ್ನ ಉಳಿಸ್ತಿದ್ದೀನಿ ಅಂದ್ಕೊಂಡಿದ್ದೆ. ರಾಯನ ಆಣೆ! ಅಪ್ಪ ಆ ಹಲಗೆ ಮೇಲೆ ಮಲಗಿ ಮಲಗಿ ಕೊನೆಗೆ ಸೊಂಟ ಎತ್ತೋಕೆ ಆಗದೇ ಇದ್ದದ್ದು ನೋಡಿದ್ದೆ. ಅವ್ವ ಸತ್ತಾಗಲೂ ಮಳವಳ್ಳಿ ಆಸ್ಪತ್ರೇಲಿ ಜೊತೆಗೆ ಇರೋಕೆ ಆಗದೆ ಬಸ್ಸು ಹಿಡಿದು ಬಂದದ್ದು ನೋಡಿದ್ದೆ. ಗಂಡ ಕಳ್ಕೊಂಡು ಬಂದವಳು, ಸಣ್ಣ ವಯಸ್ಸು, ಇವಳೂ ಈ ಹೊಂಡಕ್ಕೆ ಬೀಳೋದು ಬೇಡ, ಎಲ್ಲಾದ್ರೂ ಇನ್ನೊಂದು ಜೀವನ ನೋಡ್ಕೊಳ್ಳಲಿ ಅಂತ ನಾನು ಬಾಯಿ ಬಿಟ್ಟದ್ದು. ಆರ್ಡರ್ ಹರಿದು ಒಲೆಗೆ ಹಾಕಿದೆ. ಯಾರ್ಗೂ ಹೇಳ್ಲಿಲ್ಲ. ನಿಂಗೆ ಗೊತ್ತಾಗುತ್ತೆ, ಒಂದಿನ ಬಂದು ಒಳ್ಳೇದು ಮಾಡ್ದೆ ಅಂತೀಯ ಅಂದ್ಕೊಂಡಿದ್ದೆ. ನೀನು ಮಾತು ಬಿಟ್ಟೆ. ನೋಡಪ್ಪ, ಇವಳಿಗೋಸ್ಕರ ಇಷ್ಟು ಮಾಡಿದ್ರೂ ಕೃತಜ್ಞತೆ ಇಲ್ಲ ಅಂತ ನಾನೂ ಬಿಟ್ಟೆ.

ನೀನು ಬೇಕು ಅಂತಾನೇ ಕೇಳಿದ್ದಾ? ನಿಜವಾಗ್ಲೂ? ನಂಗೆ ಬೇಡವಾದದ್ದು ಇನ್ನೊಬ್ಬರಿಗೆ ಬೇಕಿರಬಹುದು ಅಂತ ಹೊಳೀಲೇ ಇಲ್ಲ ಕಣಕ್ಕಾ.

ಬರೋದು ಬೇಡ. ಇನ್ನು ಕೇಳಲ್ಲ. ಕುಸುಮಂಗೆ ಏನಾದ್ರೂ ಹೇಳ್ಕೊತೀನಿ. ಅವಳು ಒಪ್ಪಲ್ಲ, ಅದೂ ಗೊತ್ತು.

ಜಯ

*

ಬೆಸಗರಹಳ್ಳಿ
೧೯ ಆಗಸ್ಟ್ ೨೦೨೫

ಜಯ,

ಈ ಕಾಗದವನ್ನು ಒಬ್ಬನೇ ಇರುವಾಗ ಓದು.

ನೀನು ಜೂನ್‌ನಲ್ಲಿ ಹೇಳಿದ ಚರಿತ್ರೆ ಸುಳ್ಳು. ನೀನು ಕಟ್ಟಿದ ಸುಳ್ಳಲ್ಲ, ನಿನಗೆ ಕೊಟ್ಟ ಸುಳ್ಳು. ನಿಜ ನನಗೆ ಗೊತ್ತಿತ್ತು. ಹದಿನಾರನೇ ವಯಸ್ಸಿನಿಂದ ಗೊತ್ತು.

ಅಜ್ಜಿ ಚಲುವಮ್ಮ ಹೇಳಿದ್ದು. ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತ ಕುಳಿತಿದ್ದೆವು. ಬಾಗಿಲಲ್ಲಿ ಹೆಂಗಸರು ಏಕೆ ಮಲಗಬಾರದು ಎಂದು ಕೇಳಿದೆ. ಅಜ್ಜಿ ನಕ್ಕಳು. "ಅಯ್ ಮೂದೇವಿ, ಮೊದ್ಲು ಅಲ್ಲಿ ಮಲಗಿದ್ದೇ ಎಂಗ್ಸು ಕಣೆ. ನಮ್ಮತ್ತೆ ಚಿಕ್ಕಬೋರಮ್ಮ."

ಮುದ್ದಯ್ಯ ಯಾವ ಛತ್ರವನ್ನೂ ಕಟ್ಟಿಸಲಿಲ್ಲ, ಜಯ. ಅದು ಅವರಿಬ್ಬರ ಮನೆ. ಮಗ, ಅಂದರೆ ನಮ್ಮ ತಾತ, ಮೂರು ವರ್ಷದ ಕೂಸಾಗಿದ್ದಾಗ ಒಂದು ದಿನ ಜಗಳವಾಯಿತು. ಅವಳು ಏನೋ ಅಂದಳು. ಏನೆಂದಳೋ ಅಜ್ಜಿಗೂ ಹೇಳಿರಲಿಲ್ಲ. ಮುದ್ದಯ್ಯ ದನ ಕೊಳ್ಳುತ್ತೇನೆಂದು ಹರಿಗೋಲು ಹತ್ತಿ ಆಚೆ ದಡಕ್ಕೆ ಹೋದ, ಮತ್ತೆ ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ, ಬದುಕಿದ ಸುದ್ದಿಯೂ ಬರಲಿಲ್ಲ. ಚಿಕ್ಕಬೋರಮ್ಮ ಹಾರೆಯಿಂದ ಅಗುಳಿ ಮೀಟಿ ತೆಗೆದಳು. ಅಜ್ಜಿಯ ಮಾತಿನಲ್ಲೇ ಬರೆಯುತ್ತೇನೆ, ಅವಳು ಅತ್ತೆಯ ಮಾತನ್ನು ಹಾಗೇ ಇಟ್ಟುಕೊಂಡಿದ್ದಳು: "ಅವನು ನಾಚ್ಕೆ ಮನ್ಸ ಕಣಮ್ಮಿ. ಬಾಗ್ಲು ಆಕಿದ್ರೆ ತಟ್ಟಾಕೆ ಮನಸ್ಸು ಬರ್ದೆ ಇಂದುಕ್ಕೆ ಓಗ್ಬುಡ್ತನೆ. ಅದ್ಕೇ ತೆಗೆದಿಟ್ಟೆ. ಬಂದ್ರೆ ನನ್ ದಾಟ್ಕಂಡೇ ಬರ್ಬೇಕು, ಅದ್ಕೇ ಅಡ್ಡ ಮಲಗ್ದೆ."

ಬಾಗಿಲು ತೆರೆದಿರುವುದನ್ನು ಕಂಡು ಹರಕೆಯ ಜನ ಮಳೆಗೆ ಒಳಗೆ ಬಂದರು. ಒಲೆ ಕೇಳಿದರು, ಪಾತ್ರೆ ಕೇಳಿದರು, ಮಲಗಲು ಜಾಗ ಕೇಳಿದರು. ಅವಳು ಕೊಟ್ಟಳು. ಏಕಮ್ಮ ಬಾಗಿಲು ಹಾಕುವುದಿಲ್ಲ ಎಂದವರಿಗೆ, ಗಂಡ ಬಿಟ್ಟುಹೋದ ಎನ್ನಲು ಅವಮಾನವಾಗಿ, ನಮ್ಮ ಯಜಮಾನರ ಹರಕೆ, ರಾಯನ ಆಣೆ ಎಂದಳು. ಹಾಗೆ ಅದು ಛತ್ರವಾಯಿತು. ಅವಳು ಸತ್ತ ದಿನ ತಾತ ಆ ಹಲಗೆಯ ಮೇಲೆ ಮಲಗಿದ. ಅವನಿಗೆ ಅಮ್ಮ ಹೇಳಿದ್ದೇ ವೇದ. ಅಪ್ಪನಿಗೆ ತಾತ ಹೇಳಿದ್ದು. ನಿನಗೆ ಅಪ್ಪ.

"ಗಂಡುಸ್ರಿಗೆ ಏಳ್ಬ್ಯಾಡ," ಎಂದು ಅಜ್ಜಿ ನನ್ನ ಕೈ ಹಿಡಿದು ಹೇಳಿದಳು. "ದೇವ್ರ ಕೆಲ್ಸ ಅನ್ಕಂಡವ್ರೆ, ಅಂಗೇ ಇರ್ಲಿ."

ಅಜ್ಜಿಗೆ ಮಾತು ಕೊಟ್ಟಿದ್ದೆ, ಅದಕ್ಕೆ ಹೇಳಲಿಲ್ಲ ಎಂದು ಬರೆಯಬಹುದಿತ್ತು. ಅದೂ ಸುಳ್ಳು. ಹನ್ನೊಂದನೇ ದಿನ ಜಗಲಿಯ ಮೇಲೆ ಆ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ನಿನಗೆ ಬಿಡುಗಡೆ. ನೀನು ಮರುದಿನವೇ ಬಸ್ಸು ಓಡಿಸಲು ಹೋಗುತ್ತಿದ್ದೆ. ನನಗೆ ಬೇಕಾದದ್ದು ನಿನ್ನ ಕೈ ಸೇರಿತು, ನಿನ್ನ ಮುಖದಲ್ಲಿ ಸಂತೋಷವಿಲ್ಲದ್ದನ್ನೂ ಕಂಡೆ. ಹಾಗಾದರೆ ಅದು ನಿನ್ನ ಕೊರಳಿಗೇ ಇರಲಿ ಎಂದು ಬಾಯಿ ಮುಚ್ಚಿಕೊಂಡೆ. ನೀನು ನನ್ನನ್ನು ಉಳಿಸುತ್ತಿದ್ದೆ ಎಂದು ನನಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಹೇಳುತ್ತಿದ್ದೆನೇ? ಹದಿನೈದು ದಿನದಿಂದ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ.

ಮಂಡ್ಯಕ್ಕೆ ಹೋಗು. ಯಾವ ಆಣೆಯೂ ಇಲ್ಲ. ಯಾವತ್ತೂ ಇರಲಿಲ್ಲ.

ವನಜಾ

*

ಧ್ವನಿ ಸಂದೇಶ
ಮಂಡ್ಯ, ೧೪ ಸೆಪ್ಟೆಂಬರ್, ಬೆಳಿಗ್ಗೆ

ಗದ್ದಲಕ್ಕೆ ಬೇಜಾರು ಮಾಡ್ಕೋಬೇಡ, ಆಸ್ಪತ್ರೆ ಗೇಟಿನ ಹತ್ರ ನಿಂತು ಮಾತಾಡ್ತಿದ್ದೀನಿ. ಎಳನೀರಿನವನು ಕೂಗ್ತಿದ್ದಾನೆ.

ಹೆಣ್ಣು ಮಗು. ಶುಕ್ರವಾರ ಹುಟ್ಟಿತು. ಚಂದನಾ ಚೆನ್ನಾಗಿದ್ದಾಳೆ.

ನಿನ್ನ ಕಾಗದ ಬಂದಾಗಿನಿಂದ ನಾನು ಯಾಕೆ ಮಾತಾಡ್ಲಿಲ್ಲ ಅಂದ್ರೆ, ಏನು ಮಾತಾಡಿದ್ರೂ ಬೈಗುಳ ಆಗೋದು. ಮೊದಲನೇ ದಿನ ನಿನ್ನ ಮೇಲೆ ಕೋಪ. ಎರಡನೇ ದಿನ ಅಜ್ಜಿ ಮೇಲೆ. ಆಮೇಲೆ ಆ ಮುದ್ದಯ್ಯನ ಮೇಲೆ. ಬೋರ್ಡಲ್ಲಿ ಅವನ ಹೆಸರು ದಪ್ಪಕ್ಷರದಲ್ಲಿ ಬರೆಸಿದ್ದು ನಾನೇ ಅಲ್ವಾ, ಪ್ರತಿ ವರ್ಷ ಬಣ್ಣ ಬೇರೆ ಬಳೀತೀನಿ. ಬಿಟ್ಟೋದವನಿಗೆ ನಾಲ್ಕು ತಲೆಮಾರು ಕಾದಿದ್ದೀವಿ. ಅವನೆಲ್ಲೋ ಕೊಳ್ಳೇಗಾಲದ ಕಡೆ ಇನ್ನೊಂದು ಸಂಸಾರ ಮಾಡಿ ಚೆನ್ನಾಗಿ ಬಾಗಿಲು ಹಾಕ್ಕೊಂಡು ಮಲಗಿರ್ತಾನೆ. ದೇವಸ್ಥಾನದವರಿಗೆ ನಂಗೆ ಚರಿತ್ರೆ ಗೊತ್ತಿಲ್ಲ ಅಂದುಬಿಟ್ಟೆ.

ಆದ್ರೆ ಕೇಳು, ತಮಾಷೆ ಇರೋದು ಇಲ್ಲಿ. ಎಲ್ಲಾ ಗೊತ್ತಾದ ಮೇಲೂ ಇಪ್ಪತ್ತು ದಿನ ಅಲ್ಲೇ ಮಲಗಿದೆ. ಎದ್ದು ಒಳಗೆ ಹೋಗಿ ಮಂಚದ ಮೇಲೆ ಮಲಗೋಕೆ ನಾಲ್ಕು ಹೆಜ್ಜೆ. ಆಗಲಿಲ್ಲ.

ಗುರುವಾರ ಮಧ್ಯಾಹ್ನ ಪುನೀತ್ ಫೋನ್ ಮಾಡ್ದ, ನೋವು ಶುರುವಾಗಿದೆ ಮಾವ ಅಂತ. ಅಂಗಳದಲ್ಲಿ ರಾಮನಗರದ ಕಡೆಯವರು, ಇಪ್ಪತ್ತು ಜನ, ಮುದ್ದೆ ತಿರುವುತಿದ್ರು. ನಾನು ಅಲ್ಲಿದ್ದ ಒಬ್ಬ ಮುದುಕಿಗೆ, "ಅಮ್ಮಾ, ಮಗಳಿಗೆ ಹೆರಿಗೆ, ನಾನು ಮಂಡ್ಯಕ್ಕೆ ಹೋಗಬೇಕು, ಛತ್ರದಲ್ಲಿ ಬೇರೆ ಯಾರೂ ಇಲ್ಲ" ಅಂದೆ. ಏನೋ ಕೊಲೆ ಮಾಡಿ ಒಪ್ಕೊಂಡವನ ಥರ ಹೇಳ್ದೆ. ಅವಳು ಕೋಲು ತಿರುವೋದು ನಿಲ್ಲಿಸ್ಲೇ ಇಲ್ಲ. "ಓಗಪ್ಪ, ಇನ್ನೂ ಇಲ್ಲೇ ನಿಂತಿದ್ದೀಯಲ್ಲ. ನಾವ್ ಓಗವಾಗ ಬಾಗ್ಲು ಮುಂದ್ಕೆಳ್ಕಂಡು ಓಯ್ತೀವಿ" ಅಂದ್ಲು. ಅಷ್ಟೇ ಅಕ್ಕಾ. ಇಪ್ಪತ್ತೆಂಟು ವರ್ಷದಲ್ಲಿ ಒಬ್ಬರನ್ನೂ ಕೇಳಿರ್ಲಿಲ್ಲ.

ಸಂಜೆ ಆಸ್ಪತ್ರೆ ವರಾಂಡದಲ್ಲಿ ಕುಸುಮ ನನ್ನ ನೋಡಿ, "ವಾಪಸ್ ಎಷ್ಟೊತ್ತಿಗೆ ಬಸ್ಸು?" ಅಂದ್ಲು. ಇಲ್ಲ ಅಂದೆ. ಅವಳು ತನ್ನ ಚಾಪೆ ಸ್ವಲ್ಪ ಅತ್ತ ಸರಿಸಿದ್ಲು.

ನಿನ್ನ ಮೇಲಿನ ಕೋಪ ಹೋಗಿಲ್ಲ. ಹೋದಾಗ ಹೇಳ್ತೀನಿ. ಮಗು ಫೋಟೋ ಹಾಕಿದ್ದೀನಿ, ನೋಡು.

ಜಯ

*

ಮುತ್ತತ್ತಿ
೩ ಅಕ್ಟೋಬರ್ ೨೦೨೫

ಜಯ,

ಮೇಲೆ ಬರೆದ ಊರಿನ ಹೆಸರು ನೋಡಿ ಗಾಬರಿಯಾಗಬೇಡ. ಹದಿನೇಳು ದಿನವಾಯಿತು ಬಂದು.

ಮಗುವಿನ ಫೋಟೋ ನೋಡಿದೆ. ಮೂಗು ಅಜ್ಜಿಯದು. ಆಮೇಲೆ ಮದ್ದೂರಿಗೆ ಹೋಗಿ ಬಡಗಿಯ ಹತ್ತಿರ ಹೊನ್ನೆ ಮರದ ಒಂದು ಅಗುಳಿ ಮಾಡಿಸಿದೆ. ನಿನ್ನನ್ನು ಕೇಳದೆ ಅದನ್ನು ಹಾಕಿ, ಬಾಗಿಲು ಮುಚ್ಚಿ, ಹೊರಗಿನಿಂದ ಬೀಗ ಜಡಿದು, ಕೀಲಿ ತಂದು ನಿನ್ನ ಕೈಗೆ ಕೊಡಬೇಕೆಂದಿದ್ದೆ. ಮಾಡಿದ್ದಕ್ಕೆ ಅಷ್ಟಾದರೂ ತಿದ್ದುಪಡಿ.

ಬಂದ ದಿನ ಒಳಗೆ ತುಮಕೂರಿನ ಒಂದು ಸಂಸಾರವಿತ್ತು. ಮಗುವಿಗೆ ಮುಡಿ ತೆಗೆಸಲು ಬಂದವರು. ಅವರು ಹೋಗಲಿ, ನಾಳೆ ಹಾಕೋಣ ಎಂದುಕೊಂಡೆ. ನಾಳೆ ಕಾಲ್ನಡಿಗೆಯಲ್ಲಿ ಬಂದ ಹನ್ನೆರಡು ಜನ. ನಾಡಿದ್ದು ಮಳೆ. ಒಂದು ದಿನ ಬಡಗಿಯ ಸುತ್ತಿಗೆ, ಮೊಳೆ ಹಿಡಿದು ಕುಳಿತಿದ್ದೇನೆ, ಒಬ್ಬಳು ಬಂದು, "ಅವ್ವಾ, ವಸಿ ಬಿಸ್ನೀರ್ ಕಾಯ್ಸಿ ಕೊಡವ್ವ, ಮಗೀಗ್ ಜರ" ಎಂದಳು. ಸುತ್ತಿಗೆ ಎಲ್ಲಿಟ್ಟೆನೋ ಆಮೇಲೆ ಸಿಗಲಿಲ್ಲ.

ಮೊದಲ ನಾಲ್ಕು ದಿನ ಒಳಕೋಣೆಯಲ್ಲೇ ಮಲಗಿದೆ. ಹೊರಗೆ ಸಪ್ಪಳವಾದಾಗಲೆಲ್ಲ ಎದ್ದು ಬರುವುದಕ್ಕಿಂತ ಅಲ್ಲೇ ಮಲಗುವುದು ಸುಲಭವೆಂದು ಐದನೇ ದಿನ ಚಾಪೆ ಬಾಗಿಲಿಗೆ ತಂದೆ. ಆ ಹಲಗೆ ನನ್ನ ಅಳತೆಗೆ ಸರಿಯಾಗಿದೆ. ಅದು ಮೊದಲು ಹೆಂಗಸಿನ ಮೈಗೇ ಸವೆದದ್ದಲ್ಲವೇ.

ಮೊನ್ನೆ ಹೊರಟೇಬಿಟ್ಟೆ. ಚೀಲ ತೆಗೆದುಕೊಂಡು ಬಸ್ಸು ಹತ್ತಿ ಕಿಟಕಿ ಪಕ್ಕ ಕುಳಿತೆ. ಡ್ರೈವರ್ ಬೀಡಿ ಮುಗಿಸಿ ಹತ್ತಿದ. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಇಳಿದ ಇಬ್ಬರು ಮುದುಕರು, "ಮುದ್ದಯ್ಯನ ಛತ್ರದಲ್ಲಿ ಈಗ ಯಾರವ್ರೆ?" ಎಂದು ಯಾರನ್ನೋ ಕೇಳಿದರು. "ಯಜಮಾನಮ್ಮ ಅವ್ರೆ ಓಗಿ" ಎಂಬ ಉತ್ತರ ಬಂತು. ನಾನು ಇಳಿದೆ.

ನಿಜ ಗೊತ್ತಿದ್ದವಳು ನಾನು, ಜಯ. ಯಾವ ಆಣೆಯೂ ಇಲ್ಲ ಎಂದು ನಿನಗೆ ಬರೆದವಳು.

ವನಜಾ

*

ಧ್ವನಿ ಸಂದೇಶ
ಮಂಡ್ಯ, ೬ ಅಕ್ಟೋಬರ್, ಬೆಳಿಗ್ಗೆ

ಅಕ್ಕಾ, ನಾನು ಇಲ್ಲಿ ಒಂದು ಶಾಲೆ ವ್ಯಾನ್ ಓಡಿಸೋಕೆ ಮಾತಾಡಿದ್ದೀನಿ. ಮಕ್ಕಳ ವ್ಯಾನು. ಸಂಬಳ ಕಮ್ಮಿ, ಗಲಾಟೆ ಜಾಸ್ತಿ. ಐವತ್ತಕ್ಕೆ ಡ್ರೈವರ್ ಆಗ್ತಿದ್ದೀನಿ. ಕುಸುಮ ನಗ್ತಾಳೆ. ನಾನು ರಾತ್ರಿ ಕದ ಹಾಕಿದೆಯಾ ಅಂತ ನಾಲ್ಕು ಸಲ ಎದ್ದು ನೋಡ್ತೀನಿ ಅಂತಾಳೆ. ಅದಲ್ಲ, ತೆಗೆಯೋಕೆ ಬರುತ್ತಾ ಅಂತ ನೋಡೋದು. ಅವಳಿಗೆ ಹೇಳಿಲ್ಲ.

ನಿನ್ನ ಕಾಗದ ಅವಳಿಗೂ ಓದಿದೆ. ಅವಳು, "ಅತ್ತಿಗೆ ಅಲ್ಲಿ ಸಿಕ್ಕಾಕಂಡ್ರಾ, ಇಲ್ಲಾ ಸೇರ್ಕಂಡ್ರಾ?" ಅಂದ್ಲು. ನಂಗೆ ಗೊತ್ತಾಗ್ಲಿಲ್ಲ. ಅದಕ್ಕೇ ಕೇಳ್ತಿದ್ದೀನಿ. ಆವತ್ತು ಜಗಲಿ ಮೇಲೆ ನಾನು ನಿನ್ನ ಕೇಳದೇನೇ ಮಾತಾಡಿಬಿಟ್ಟೆ. ಈಗ ಕೇಳ್ತೀನಿ, ಸುತ್ತಿ ಬಳಸದೆ.

ಅಕ್ಕಾ, ನಿಂಗೆ ಅಲ್ಲಿರೋಕೆ ಇಷ್ಟ ಇದೆಯಾ?

ಹೌದು ಅಂದ್ರೆ ಛತ್ರ ನಿಂದು, ನಾನು ಬಾಯಿ ಹಾಕಲ್ಲ. ಹಬ್ಬಕ್ಕೆ ಮೊಮ್ಮಗೂನ ಕರ್ಕೊಂಡು ನೆಂಟನ ಥರ ಬತ್ತೀನಿ. ಇಲ್ಲ ಅಂದ್ರೆ ನಾಳೇನೇ ಮೊದಲ ಬಸ್ಸಿಗೆ ಬಂದು ನೀನು ಮಾಡಿಸಿರೋ ಅಗುಳಿ ನಾನೇ ಜಡಿದು, ನಿನ್ನ ಬೆಸಗರಹಳ್ಳಿಗೆ ಬಿಟ್ಟು ಬತ್ತೀನಿ. ಯಾರು ಬಂದಿದ್ರೂ ಸರಿ. ಮಗೀಗೆ ಜ್ವರ ಇದ್ರೂ ಸರಿ. ಹಲಗೂರಲ್ಲಿ ಆಸ್ಪತ್ರೆ ಇದೆ.

ಒಂದು ಪದ ಬರೆದು ಕಳಿಸು, ಸಾಕು.

ಜಯ

*

ಮುತ್ತತ್ತಿ
೧೨ ಅಕ್ಟೋಬರ್ ೨೦೨೫

ಪ್ರೀತಿಯ ಜಯ,

ಒಂದು ಪದ ಸಾಕೆಂದೆ. ಆರು ದಿನವಾಯಿತು.

ನೀನು ಕೇಳಿದ್ದನ್ನು ನನ್ನನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಚಿಕ್ಕಬೋರಮ್ಮನನ್ನೂ ಯಾರೂ ಕೇಳಿರಲಾರರು. ತೊಂಬತ್ತೇಳರಲ್ಲಿ ಕೇಳಿದ್ದರೆ ಯೋಚಿಸದೆ ಹೌದು ಎನ್ನುತ್ತಿದ್ದೆ. ಇವತ್ತು ಬೆಳಿಗ್ಗೆ, ಪಾತ್ರೆಗಳ ರಾಶಿಯ ಮುಂದೆ ಕುಳಿತಾಗ ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ. ಒಂದು ಗಂಟೆಯ ಹಿಂದೆ ಅಂಗಳ ಖಾಲಿಯಾಗಿ, ಹೊಳೆಯ ಸದ್ದೊಂದೇ ಉಳಿದಾಗ, ಮತ್ತೆ ಹೌದು ಎಂದು ಬರೆಯಲು ಈ ಹಾಳೆ ತೆಗೆದುಕೊಂಡೆ. ಆ ಪದ ಬರೆಯುವ ಮೊದಲು ಎರಡು ಸಲ ತಲೆ ಎತ್ತಿ ದಾರಿ ನೋಡಿದೆ. ಅದು ಇಷ್ಟವೋ ಅಭ್ಯಾಸವೋ ನನಗೆ ತಿಳಿಯುತ್ತಿಲ್ಲ. ಇಷ್ಟು ಬೇಗ ಅಭ್ಯಾಸವಾಗುತ್ತದೆಯೇ? ನಿನಗೆ ಎಷ್ಟು ದಿನ ಹಿಡಿಯಿತು?

ನೀನು ಬರಬೇಡ. ವ್ಯಾನ್ ಓಡಿಸು. ನಾನು ನಿಧಾನವಾಗಿ ಕುಳಿತು ಯೋಚಿಸಬೇಕು, ಯಾರೂ ಬಾರದ ಒಂದು ಹೊತ್ತು ಸಿಕ್ಕರೆ

ಇಲ್ಲಿಗೆ ನಿಲ್ಲಿಸಿದ್ದೇನೆ. ಯಾರೋ ಬಂದರು.

ವನಜಾ